ರತ್ನಾಬಾಯಿಯ ಡಬ್ಬಿ ಖಾಲಿ ಬಂದಿರಲಿಲ್ಲ

ನನ್ನ ಭಾವ ಕಾಶೀನಾಥನನ್ನು ಕೊಂದದ್ದು ವೈರಿ ದೇಶದವರಲ್ಲ, ಒಬ್ಬ ಪ್ರೊಫೆಸರ್. ಪುಸ್ತಕದ ನಲವತ್ಮೂರನೇ ಪುಟ, ಮೇಲಿನಿಂದ ಆರನೇ ಸಾಲು. ಕೊಲ್ಲುವ ಮೊದಲು ನಮ್ಮ ಮನೆಯವರನ್ನು ಒಂದು ಮಾತು ಕೇಳಲಿಲ್ಲ. ಅವರು ಆ ಸಾಲು ಬರೆಯುವ ಹೊತ್ತಿಗೆ ಭಾವ ವಾಡಿಯಲ್ಲಿ ಅಕ್ಕನ ಖಾನಾವಳಿಯ ಹಿತ್ತಲಲ್ಲಿ ಕುಳಿತು ಉಳ್ಳಾಗಡ್ಡಿ ಹೆಚ್ಚುತ್ತಿದ್ದ. ಇವತ್ತಿಗೂ ಹೆಚ್ಚುತ್ತಾನೆ. ಕೊಂದವರಿಗೆ ಶಾಲು ಹೊದಿಸಿದರು, ಹಾರ ಹಾಕಿದರು, ಆ ಕಥೆಯನ್ನು ಕಾಲೇಜಿನ ಮಕ್ಕಳಿಗೆ ಪಾಠಕ್ಕೆ ಇಟ್ಟರು. ನನ್ನ ಸಿಟ್ಟು ಇಳಿದಿಲ್ಲ. ಇಳಿಸಿಕೊಳ್ಳುವ ವಿಚಾರವೂ ಇಲ್ಲ.

ಸಿಟ್ಟು ನನ್ನದು, ಹಕೀಕತ್ತು ನನ್ನ ಅಕ್ಕ ರತ್ನಾಬಾಯಿಯದು. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಸ್ಟೇಷನ್ ಮುಂದೆ ಟಂಟಂ ಆಟೋ ಹೊಡೆಯುವವನು. ಬರೆದದ್ದರಲ್ಲಿ ತಪ್ಪು ಸಿಕ್ಕರೆ ಬೈಯಿರಿ, ಸುಳ್ಳು ಮಾತ್ರ ಸಿಗುವುದಿಲ್ಲ.

ವಾಡಿ ಜಂಕ್ಷನ್ನಿನಿಂದ ಕ್ವಾರ್ಟರ್ಸಿಗೆ ಹೋಗುವ ದಾರಿಯಲ್ಲಿ ಅಕ್ಕನ ಖಾನಾವಳಿ ಇದೆ. ಬೋರ್ಡು ಇಲ್ಲ. ರೊಟ್ಟಿ ಬಡಿಯುವ ಸಪ್ಪಳವೇ ಬೋರ್ಡು. ಅಕ್ಕ, ಅವಳ ಜೋಡಿ ಶಿವಕಾಂತಮ್ಮ, ಇಬ್ಬರೂ ಬೆಳಗಿನ ನಾಲ್ಕಕ್ಕೆ ಒಲೆ ಮುಂದೆ ಕುಳಿತರೆ ಎಂಟು ಗಂಟೆಗೆ ನಲವತ್ತೊಂದು ಡಬ್ಬಿ ಕಟ್ಟುತ್ತಾರೆ. ಶಿವಕಾಂತಮ್ಮನ ಗಂಡ ಶಹಾಬಾದಿನ ಕಡೆ ಒಂದು ಕಲ್ಲಿನ ಖಣಿಯಲ್ಲಿ ಫರಸಿಯ ಚಪ್ಪಡಿ ಮೈಮೇಲೆ ಬಿದ್ದು ಹೋದ. ಹನ್ನೊಂದು ವರ್ಷದಿಂದ ಅವಳು ಇಲ್ಲೇ ರೊಟ್ಟಿ ಬಡಿಯುತ್ತಾಳೆ. ಡಬ್ಬಿಗಳು ರೈಲಿನ ಗಾರ್ಡುಗಳಿಗೆ, ಸಿಮೆಂಟ್ ಫ್ಯಾಕ್ಟರಿಯ ಶಿಫ್ಟಿನವರಿಗೆ ಹೋಗುತ್ತವೆ, ಸಂಜೆ ತಿರುಗಿ ಬರುತ್ತವೆ.

ಅಕ್ಕನದು ಒಂದೇ ಕಾಯ್ದೆ. ಡಬ್ಬಿ ಖಾಲಿ ಬರಬಾರದು. ಊಟ ಉಂಡು, ತೊಳೆದು, ಒಳಗೆ ಏನಾದರೂ ಹಾಕಿ ಕಳಿಸಬೇಕು. ಎರಡು ಹಸಿಮೆಣಸಿನಕಾಯಿ, ಒಂದು ಲಿಂಬೆಹಣ್ಣು, ಚಿಟಿಕೆ ಸಕ್ಕರೆ, ಏನೂ ಇಲ್ಲದವನು ಒಂದು ಬೇವಿನ ಎಲೆ. ನಮ್ಮ ತಾಯಿ ನಮ್ಮೂರು ತೆಂಗಳಿಯಲ್ಲಿ ಹಾಗೇ ಮಾಡುತ್ತಿದ್ದಳು. ಪಕ್ಕದ ಮನೆಯಿಂದ ಪಲ್ಯದ ಬಟ್ಟಲು ಬಂದರೆ ಅದು ಬರಿದಾಗಿ ವಾಪಸು ಹೋದದ್ದನ್ನು ನಾವು ನೋಡಿಲ್ಲ. ಬಿಹಾರದಿಂದ ಬಂದ ಹೊಸ ಗಾರ್ಡೊಬ್ಬ ಮೊದಲ ದಿನ ಖಾಲಿ ಡಬ್ಬಿ ಕಳಿಸಿದ. ಮರುದಿನ ಅವನಿಗೆ ಊಟ ಹೋಗಲಿಲ್ಲ. ಓಡಿ ಬಂದ.

"ಅಮ್ಮಾ, ಮೇರಾ ಖಾನಾ?"

"ಡಬ್ಬಾ ಖಾಲಿ ನೈ ಭೇಜ್ತೆ ಬೇಟಾ. ಬರ್ಕತ್ ಜಾತಾ." ಖಾಲಿ ಕಳಿಸಿದರೆ ಮನೆಯ ಸಿರಿ ಹೋಗುತ್ತದೆ ಎಂಬ ಮಾತು.

ಅವನು ಜೇಬು ತಡಕಿ ಒಂದು ಪೆಪ್ಪರಮಿಂಟು ತೆಗೆದು ಡಬ್ಬಿಯೊಳಗೆ ಇಟ್ಟ. ಅಕ್ಕ ಅದನ್ನು ಬಾಯಿಗೆ ಹಾಕಿಕೊಂಡು ರೊಟ್ಟಿ ಬಡಿಸಿದಳು.

ಈಗ ಪ್ರೊಫೆಸರರ ಕಥೆಗೆ ಹೋದ ಆ ಇನ್ನೊಂದು ಡಬ್ಬಿ. ಎರಡು ಅಂತಸ್ತಿನ ಸ್ಟೀಲಿನ ಡಬ್ಬಿ, ಮದುವೆಯಲ್ಲಿ ನಮ್ಮಪ್ಪ ಕೊಟ್ಟದ್ದು. ಮುಚ್ಚಳದ ಮೇಲೆ ಚುಕ್ಕಿ ಚುಕ್ಕಿಯಾಗಿ 'ರತ್ನಾಬಾಯಿ ಕಾಶೀನಾಥ, ವಾಡಿ' ಎಂದು ಹೆಸರು ಹಾಕಿಸಿತ್ತು. ಭಾವ ಮಿಲಿಟರಿಯಲ್ಲಿ ಟ್ರಕ್ಕಿನ ಡ್ರೈವರ್. ಕಾರ್ಗಿಲ್ ಗುಡ್ಡದ ಮೇಲೆ ಲಡಾಯಿ ಶುರುವಾದ ವರ್ಷ ರಜೆ ಅರ್ಧಕ್ಕೆ ಮುರಿದು ಹೊರಟ. ಅಕ್ಕ ಆ ಡಬ್ಬಿಗೆ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ತುಂಬಿದಳು. ರೈಲು ಬಿಟ್ಟಾಗ ಡಬ್ಬಿ ಇನ್ನೂ ನನ್ನ ಕೈಯಲ್ಲೇ ಇತ್ತು. ಓಡಿದೆ. ಕಿಡಕಿಗೆ ಕೊಡುವಾಗ ಜಾರಿ ಪ್ಲಾಟ್‌ಫಾರ್ಮಿನ ಕಲ್ಲಿಗೆ ಬಿತ್ತು, ಒಂದು ಮಗ್ಗುಲು ನೆಗ್ಗಿತು. ಎತ್ತಿ ಮತ್ತೆ ಓಡಿ ಕೊಟ್ಟೆ. ಆ ನೆಗ್ಗು ನನ್ನದು. ಇದನ್ನು ನೆನಪಿನಲ್ಲಿ ಇಡಿರಿ.

ಒಂದೂವರೆ ತಿಂಗಳಿಗೆ ಪತ್ರ ನಿಂತವು. ಆಮೇಲೆ ಒಂದು ಮಧ್ಯಾಹ್ನ ಚಿಂಚೋಳಿ ಕಡೆಯ ಶಂಕರಲಿಂಗ ಎಂಬ ಸಿಪಾಯಿ ರಜೆ ಮೇಲೆ ಊರಿಗೆ ಹೋಗುವವನು ವಾಡಿಯಲ್ಲಿ ಇಳಿದು, ಮನೆ ಹುಡುಕಿಕೊಂಡು ಬಂದು, ಆ ಡಬ್ಬಿ ಕೊಟ್ಟ. ಭಾವನನ್ನು ಅವನು ನೋಡಿರಲಿಲ್ಲ. ಯಾರೋ ಯಾರಿಗೋ ಕೊಟ್ಟು ಅವನ ಕೈಗೆ ಬಂದಿತ್ತು.

"ಮುಚ್ಚಳದ ಮ್ಯಾಲಿನ ಹೆಸರು ನೋಡಿ ತಂದೀನ್ರಿ ಅಕ್ಕಾ. ನನಗ ಇಷ್ಟೇ ಗೊತ್ತು," ಎಂದ. ಅಕ್ಕನ ಮುಖ ನೋಡಲಾರದೆ ನೀರು ಸಹ ಕುಡಿಯದೆ ಎದ್ದ.

ಮನುಷ್ಯ ಬರಲಿಲ್ಲ, ಮನುಷ್ಯನ ಡಬ್ಬಿ ಬಂತು. ಓಣಿಯವರಿಗೆ ಅಷ್ಟು ಸಾಕಾಯಿತು. ಮುಧೋಳದಿಂದ ಅಕ್ಕನ ಅತ್ತೆ ಬಂದು ಹೊಸ್ತಿಲಲ್ಲೇ ಕುಳಿತು ಅಳಲಿಕ್ಕೆ ಹತ್ತಿದಳು. ಹೆಂಗಸರು ಒಬ್ಬೊಬ್ಬರಾಗಿ ಸೇರಿದರು. ಅಕ್ಕನಿಗೆ ಆಗ ಇಪ್ಪತ್ತೆರಡು ವರ್ಷ. ಅವಳು ಯಾರ ಕಡೆಗೂ ನೋಡದೆ ಡಬ್ಬಿಯ ಕ್ಲಿಪ್ಪು ತೆಗೆದಳು. ಎರಡೂ ಅಂತಸ್ತಿನ ತುಂಬ ಜರ್ದಾಳು. ಬಿಸಿಲಿಗೆ ಒಣಗಿಸಿದ, ಬೆಲ್ಲದ ಬಣ್ಣದ, ಸುಕ್ಕುಸುಕ್ಕಾದ ಹಣ್ಣು. ಒಂದನ್ನು ತೆಗೆದು ಮೂಸಿದಳು. ಆಮೇಲೆ ಅತ್ತೆಯ ಮುಂದೆ ಹೋಗಿ ನಿಂತಳು.

"ಅತ್ತಿ, ಅಳೂದು ಬಂದ್ ಮಾಡ್ರಿ. ಸತ್ತಂವ ಡಬ್ಬಿ ತುಂಬಿ ಕಳಸ್ತಾನೇನು?"

"ಯವ್ವಾ, ನಿನಗ ತಲಿ ಕೆಟ್ಟದ."

"ಕೆಟ್ಟರ ಕೆಡ್ಲಿ. ಬಾಯಿ ತೆಗೀರಿ. ನಿಮ್ಮ ಮಗ ಕಳಸ್ಯಾನ, ತಿನ್ರಿ."

ಅತ್ತೆಯ ಬಾಯಿಗೆ ಒಂದು ಇಟ್ಟಳು. ಅಳಲಿಕ್ಕೆ ಬಂದ ಹೆಂಗಸರಿಗೆಲ್ಲ ಒಂದೊಂದು ಹಂಚಿದಳು. ಬಾಯಲ್ಲಿ ಹಣ್ಣು ಇಟ್ಟುಕೊಂಡು ಅಳಲಿಕ್ಕೆ ಬರುವುದಿಲ್ಲ. ಒಬ್ಬೊಬ್ಬರೇ ಎದ್ದು ಹೋದರು. ಅಂದಿನಿಂದ ಅಕ್ಕ ದಿನಕ್ಕೆ ಒಂದು ಜರ್ದಾಳು ತಿಂದಳು, ಬೀಜವನ್ನು ಗೋಡೆಯ ಮಾಡದಲ್ಲಿ ಸಾಲಾಗಿ ಇಟ್ಟಳು. ಹತ್ತೊಂಬತ್ತು ಬೀಜ ಕೂಡಿದ ದಿನ ಸ್ಟೇಷನ್ ಮುಂದಿನ ಫೋನಿನ ಅಂಗಡಿಯ ಮಜೀದಸಾಬ ಚಪ್ಪಲಿ ಸಹ ಹಾಕದೆ ಓಡಿ ಬಂದ. "ರತ್ನಾಬಾಯಿ, ಕಾಶೀನಾಥಂದು ಫೋನ್ ಬಂದದ, ನಡೀರಿ. ನಾ ಹೇಳಿದ್ದು ಅವಗ ಕೇಳಸವಲ್ದು, ನೀವರೆ ಬಂದು ಒದರ್ರಿ."

ಭಾವನಿಗೆ ಮಗ್ಗುಲಲ್ಲಿ ಶೆಲ್ ಬಿದ್ದು ಎಡಗಿವಿ ಹೋಗಿತ್ತು, ಬಲಗಿವಿ ಅರ್ಧ ಉಳಿದಿತ್ತು. ಆಸ್ಪತ್ರೆಯಲ್ಲಿದ್ದ. ಆಮೇಲೆ ಪಿಂಚಣಿ ಮೇಲೆ ಮನೆಗೆ ಬಂದ.

ಜರ್ದಾಳಿನ ಹಕೀಕತ್ತು ಅವನು ಬಂದ ಮೇಲೆ ತಿಳಿಯಿತು. ಕಾರ್ಗಿಲ್ ದಾರಿ ಮಗ್ಗುಲಿನ ಒಂದು ಹಳ್ಳಿಯಲ್ಲಿ ಒಬ್ಬ ಮುದುಕಿ ಇವನಿಗೆ ಚಹಾ ಕೊಟ್ಟಳು. ಇವನು ಅವಳ ಕೈಗೆ ಶೇಂಗಾ ಹಿಂಡಿಯ ಡಬ್ಬಿ ಇಟ್ಟ. ಅವಳು ಹಿಂಡಿ ತೆಗೆದುಕೊಂಡು ಡಬ್ಬಿಗೆ ಜರ್ದಾಳು ತುಂಬಿ ವಾಪಸು ಕೊಟ್ಟಳು. ಅವಳ ಮಾತು ಇವನಿಗೆ ಬರದು, ಇವನ ಮಾತು ಅವಳಿಗೆ ಬರದು. ಅಲ್ಲಿಯೂ ಕಾಯ್ದೆ ಅದೇ. ಅದನ್ನು ಅವನು ವಾಡಿಗೆ ಕಳಿಸಿದ ಮರುದಿನ ಶೆಲ್ ಬಿತ್ತು.

ನಾನು ಒಮ್ಮೆ ಅಕ್ಕನಿಗೆ ಹೇಳಿದೆ: "ಡಬ್ಬಿ ತುಂಬಿದ್ದು ಶೆಲ್ ಬೀಳೂದಕ್ಕಿಂತ ಮೊದಲ. ಅಂದ್ರ ಅಂವ ಮರುದಿನ ಸತ್ತಿದ್ರೂ ಡಬ್ಬಿ ತುಂಬೇ ಬರ್ತಿತ್ತು."

"ಗೊತ್ತದೋ ತಮ್ಮಾ. ತಾರೀಖು ನನಗೂ ಎಣಿಸಾಕ ಬರ್ತದ. ಆದರ ಆ ಹತ್ತೊಂಬತ್ತು ದಿನ ನಾ ಯಾವುದರ ಮ್ಯಾಲ ನಿಲ್ಲಲಿ? ಅದರ ಮ್ಯಾಲ ನಿಂತೆ."

ಈಗ ಪ್ರೊಫೆಸರ್. ಹೆಸರು ರಮೇಶಕುಮಾರ. ದೊಡ್ಡ ಊರಿನವರು, ಕಥೆ ಬರೆಯುವವರು. ಲಡಾಯಿಗೆ ಹೋಗಿ ಬಂದವರ ಮನೆಗಳಲ್ಲಿ ಏನೇನು ಸಾಮಾನು ಉಳಿದಿದೆ ಎಂದು ನೋಡುತ್ತ ಸೇಡಂ, ಚಿತ್ತಾಪುರ ಎಲ್ಲ ತಿರುಗಿ ನಮ್ಮಲ್ಲಿಗೆ ಬಂದರು. ಮೂರು ದಿನ ಅಕ್ಕನ ಕೈಯ ರೊಟ್ಟಿ, ಪುಂಡಿಪಲ್ಯ ಉಂಡರು. ಅಕ್ಕ ಎಲ್ಲ ಹೇಳಿದಳು. ಮೂರನೇ ದಿನ ಸಂಜೆ ಅಕ್ಕ, ಭಾವ ಇಬ್ಬರೂ ಮುಧೋಳಕ್ಕೆ ಹೋಗಿದ್ದರು. ಪ್ರೊಫೆಸರ್ ಡಬ್ಬಿಯನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು.

"ಈ ಡಬ್ಬಿ ಮಾತಾಡುತ್ತದೆ, ತಮ್ಮಾ."

"ಮುಚ್ಚಳ ಬಿಗಿ ಅದರಿ ಸರ. ಅದಕ್ಕ ಕುಂಯ್ ಅಂತದ."

ನಕ್ಕರು. ಬರೆಯುವಾಗ ಕಣ್ಣ ಮುಂದೆ ಇರಬೇಕು, ಒಂದು ವಾರ ಕೊಡು ಎಂದರು. ಕೊಟ್ಟವನು ನಾನು. ಅದೂ ಖಾಲಿ ಡಬ್ಬಿ ಕೊಟ್ಟೆ. ಅಕ್ಕ ಇದ್ದಿದ್ದರೆ ಏನಾದರೂ ತುಂಬಿ ಕೊಡುತ್ತಿದ್ದಳು. ಅವಳು ಬಂದು ಇದನ್ನು ಕೇಳಿ ಎರಡು ದಿನ ನನ್ನ ಜೋಡಿ ಮಾತು ಬಿಟ್ಟಳು. ವಾರ ಹೋಯಿತು, ವರ್ಷ ಹೋಯಿತು, ಫೋನು ಮಾಡಿದರೆ "ಕಳಿಸುತ್ತೇನೆ" ಎನ್ನುತ್ತಿದ್ದರು. ಆಮೇಲೆ ಎತ್ತುವುದನ್ನೇ ಬಿಟ್ಟರು.

ಕಥೆ ನಮ್ಮ ಮನೆಗೆ ಬಂದದ್ದು ಅಕ್ಕನ ಮಗಳು ಬಸವೇಶ್ವರಿಯ ಚೀಲದಲ್ಲಿ. ಅವಳು ಚಿತ್ತಾಪುರದಲ್ಲಿ ಬಿ.ಎ. ಓದುತ್ತಿದ್ದಳು. ಒಂದು ಸಂಜೆ ಪಾಠದ ಪುಸ್ತಕ ತೆಗೆದು ರೊಟ್ಟಿಯ ಒಲೆ ಮುಂದೆ ಕುಳಿತು ಓದಿದಳು. ವಾಡಿ ಎಂಬ ಊರು, ರತ್ನಾ ಎಂಬ ಹೆಂಗಸು, ಲಡಾಯಿಗೆ ಹೋದ ಗಂಡ. ನಲವತ್ಮೂರನೇ ಪುಟದಲ್ಲಿ ಗಂಡ ಸಾಯುತ್ತಾನೆ. ಗೆಳೆಯ ಡಬ್ಬಿ ತಂದು ಕೊಡುತ್ತಾನೆ. ರತ್ನಾ ತೆಗೆಯುತ್ತಾಳೆ. ಒಳಗೆ ಏನೂ ಇಲ್ಲ. ಅವಳು ಆ ಖಾಲಿ ಡಬ್ಬಿಗೆ ತನ್ನ ಬಳೆ ಒಡೆದು ಹಾಕಿ ಮುಚ್ಚಳ ಮುಚ್ಚುತ್ತಾಳೆ. ಕಥೆ ಮುಗಿಯಿತು. ಕೆಳಗೆ ಸಣ್ಣ ಅಕ್ಷರದಲ್ಲಿ: 'ನಿಜ ಘಟನೆಯನ್ನು ಆಧರಿಸಿದ್ದು'.

ಭಾವ ಉಳ್ಳಾಗಡ್ಡಿ ಬಿಟ್ಟು ತಲೆ ಎತ್ತಿದ. "ಏನ್ ಓದಿದ್ಲು? ನನಗ ಕೇಳಸಲಿಲ್ಲ."

ಶಿವಕಾಂತಮ್ಮ ಅವನ ಬಲಗಿವಿಗೆ ಬಾಯಿ ಹಚ್ಚಿ ಹೇಳಿದಳು: "ನೀವು ಸತ್ತೀರಂತರಿ ಅಣ್ಣಾರ."

"ಯಾವಾಗ?"

"ನಲವತ್ಮೂರನೇ ಪುಟದಾಗ."

ಭಾವ ಸ್ವಲ್ಪ ವಿಚಾರ ಮಾಡಿ, ನಕ್ಕು, ಮತ್ತೆ ಉಳ್ಳಾಗಡ್ಡಿ ಹಿಡಿದ. ಅಕ್ಕ ಮಾತ್ರ ನಗಲಿಲ್ಲ. "ಖಾಲಿ ಅಂತ ಬರದಾನೇನು?" ಎಂದು ಮಗಳನ್ನು ಎರಡು ಸಲ ಕೇಳಿದಳು. ಗಂಡನನ್ನು ಕೊಂದದ್ದಕ್ಕಿಂತ ಅವಳಿಗೆ ಅದು ಹೆಚ್ಚು ನಟ್ಟಿತ್ತು.

ಪರೀಕ್ಷೆಯಲ್ಲಿ ಐದು ಮಾರ್ಕಿನ ಪ್ರಶ್ನೆ ಬಂತು. 'ಖಾಲಿ ಡಬ್ಬಿ ಯಾವುದರ ಸಂಕೇತ? ವಿವರಿಸಿ.' ಬಸವೇಶ್ವರಿ ಒಂದೇ ಸಾಲು ಬರೆದಳು: 'ಡಬ್ಬಿ ಖಾಲಿ ಬಂದಿರಲಿಲ್ಲ, ಅದರ ತುಂಬ ಜರ್ದಾಳು ಇದ್ದವು, ಅದು ನಮ್ಮ ಮನೆಯದು.' ಸೊನ್ನೆ ಬಿತ್ತು. ಪಾಠ ಹೇಳುವ ಮೇಡಂ ಅವಳನ್ನು ಕರೆದು, ಪುಸ್ತಕದಲ್ಲಿ ಇದ್ದದ್ದನ್ನು ಬರೆಯಬೇಕಮ್ಮಾ ಎಂದು ಬುದ್ಧಿ ಹೇಳಿದರು.

ಖಾನಾವಳಿಯಲ್ಲಿ ಗಿರಾಕಿಗಳಿಗೆ ಒಂದು ಆಟ ಸಿಕ್ಕಿತು. "ಕಾಶೀನಾಥಣ್ಣಾ, ನವಂಬರದಾಗ ಬ್ಯಾಂಕಿಗಿ ಜೀವಂತ ಅದೀನಿ ಅಂತ ಸರ್ಟಿಫಿಕೇಟ್ ಕೊಡ್ತೀಯಲ್ಲ, ಈ ಸರ್ತಿ ಪುಸ್ತಕ ಒಯ್ಯಬ್ಯಾಡ. ಪಿಂಚಣಿ ಹೋಗ್ತದ ನೋಡು." ಭಾವ ನಗುತ್ತಿದ್ದ. ನನಗೆ ಅಂಥವರ ತಟ್ಟೆ ಎತ್ತಿ ಅವರ ತಲೆ ಮೇಲೇ ಬಡಿಯಬೇಕು ಅನಿಸುತ್ತಿತ್ತು. ಒಂದು ಸಲ ಎತ್ತಿದೆ ಕೂಡ. ಅಕ್ಕ ಕೈ ಹಿಡಿದಳು. "ಅವರ ಮ್ಯಾಲ ಯಾಕ? ಸಿಟ್ಟು ಜ್ವಾಕಿ ಇಡು, ಬರೋಬರ್ ಜಾಗಾಕ ಬೇಕಾಗ್ತದ."

ಆ ಜಾಗ ಬಂತು. ಚಿತ್ತಾಪುರದಲ್ಲಿ ಒಂದು ಕಾರ್ಯಕ್ರಮ, ಲಡಾಯಿ ಕಥೆಗಳಲ್ಲಿ ದಿನಬಳಕೆಯ ಸಾಮಾನು ಏನು ಹೇಳುತ್ತದೆ ಎಂಬುದರ ಮೇಲೆ ಭಾಷಣ. ಪ್ರೊಫೆಸರರಿಗೆ ಸನ್ಮಾನ. ಅದರಲ್ಲಿಯೇ 'ಹುತಾತ್ಮ ಯೋಧನ ಪತ್ನಿ ಶ್ರೀಮತಿ ರತ್ನಾಬಾಯಿ ಅವರಿಗೂ ಸನ್ಮಾನ' ಎಂದು ಆಮಂತ್ರಣ ಪತ್ರಿಕೆ ಬಂತು. ಪ್ರೊಫೆಸರ್ ಇದನ್ನು ನೋಡಿದ್ದರೋ ಇಲ್ಲವೋ ಇವತ್ತಿಗೂ ಗೊತ್ತಿಲ್ಲ. ನಾನು ಹರಿದು ಒಗೆಯಲಿಕ್ಕೆ ಹೋದೆ. ಅಕ್ಕ ಕಸಿದುಕೊಂಡು ಮಾಡದಲ್ಲಿ ಇಟ್ಟಳು.

"ಹೋಗೂನು. ಡಬ್ಬಿ ಅಲ್ಲಿ ಇರ್ತದ."

"ಏನ್ ಮಾಡ್ತಿ ಹೋಗಿ?"

"ಡಬ್ಬಿ ತುಂಬಿ ಬಂದಿತ್ತು ಅಂತ ಅವರ ಬಾಯಿಲೆ ಹೇಳಸ್ತೀನಿ. ಆಮ್ಯಾಲ ಮನಿಗಿ ತರ್ತೀನಿ. ಮತ್ತೇನು ಬೇಕಾಗಿಲ್ಲ ನನಗ."

ನನ್ನ ಟಂಟಂನಲ್ಲಿ ಐದು ಜನ ಹೋದೆವು. ಅಕ್ಕ, ಭಾವ, ಬಸವೇಶ್ವರಿ, ಶಿವಕಾಂತಮ್ಮ, ನಾನು. ಅಕ್ಕ ಅವತ್ತು ಹಣೆಗೆ ವಿಭೂತಿ ಹಚ್ಚಿ ಅದರ ಕೆಳಗೆ ನಾಕಾಣೆಯಷ್ಟು ದೊಡ್ಡ ಕುಂಕುಮ ಇಟ್ಟಿದ್ದಳು. ಅವಳನ್ನೂ ಶಿವಕಾಂತಮ್ಮನನ್ನೂ ಮುಂದಿನ ಸಾಲಿನಲ್ಲಿ ಕೂಡಿಸಿದರು. ಭಾವ ಹಿಂದೆ ಗೋಡೆ ಮಗ್ಗುಲಿಗೆ ಕುಳಿತ. ಮುಂದೆ ಕುಳಿತರೂ ಅವನಿಗೆ ಅಷ್ಟೇ ಕೇಳಿಸುವುದು.

ಕಾಲೇಜಿನ ಇಬ್ಬರು ಹುಡುಗಿಯರು ಅರಿಶಿಣ, ಕುಂಕುಮ, ಹೂವಿನ ತಟ್ಟೆ ಹಿಡಿದು ಹೆಂಗಸರ ಸಾಲಿಗೆ ಬಂದರು. ಒಬ್ಬೊಬ್ಬರಿಗೆ ಕೊಡುತ್ತ ಅಕ್ಕನ ಹತ್ತಿರ ಬಂದಾಗ ಮುಂದಿನ ಹುಡುಗಿ ನಿಂತಳು. ಅಕ್ಕನ ಹಣೆಯ ಕುಂಕುಮ ನೋಡಿದಳು, ಗೊಂದಲಕ್ಕೆ ಬಿದ್ದು ತಿರುಗಿ ಪಾಠ ಹೇಳುವ ಆ ಮೇಡಂ ಮುಖ ನೋಡಿದಳು. ಮೇಡಂ ಸಣ್ಣಗೆ ತಲೆ ಅಲ್ಲಾಡಿಸಿದರು. ಹುಡುಗಿ ತಲೆ ತಗ್ಗಿಸಿ ಅಕ್ಕನನ್ನು ದಾಟಿದಳು, ಬರಿ ಹಣೆಯ ಶಿವಕಾಂತಮ್ಮನನ್ನು ದಾಟಿದಳು, ಮೂರನೆಯವಳಿಗೆ ಹೂವು ಕೊಟ್ಟಳು.

ನಾನು ಎದ್ದೆ. ಅಕ್ಕ ಹಿಂದೆ ತಿರುಗಿ ನನ್ನ ಕಡೆ ಒಮ್ಮೆ ನೋಡಿದಳು. ಕುಳಿತೆ.

ವೇದಿಕೆಯ ಮೇಲೆ ಕೆಂಪು ಬಟ್ಟೆ ಹಾಸಿದ ಮೇಜು. ಅದರ ಮೇಲೆ ಅಕ್ಕನ ಡಬ್ಬಿ. ಡಬ್ಬಿಗೆ ಚೆಂಡು ಹೂವಿನ ಹಾರ ಹಾಕಿದ್ದರು, ಸತ್ತವರ ಫೋಟೋಕ್ಕೆ ಹಾಕುವ ಹಾಗೆ. ಪ್ರೊಫೆಸರ್ ಒಂದು ತಾಸು ಮಾತಾಡಿದರು. ಸುಳ್ಳು ಯಾಕೆ ಹೇಳಲಿ, ಮೊದಲ ಅರ್ಧ ಚೆನ್ನಾಗಿತ್ತು. ಲಡಾಯಿಯ ಕಥೆಯಲ್ಲಿ ಬಂದೂಕು ದೊಡ್ಡದಲ್ಲ, ಒಂದು ಬೂಟು, ಒಂದು ಬಾಚಣಿಗೆ, ಒಂದು ಬೀಗದ ಕೈ, ಉಣ್ಣುವ ಡಬ್ಬಿ ಇವೇ ದೊಡ್ಡವು. ಬಂದೂಕು ಎಲ್ಲರದೂ ಒಂದೇ ತರಹ, ಬಾಚಣಿಗೆ ಮಾತ್ರ ಅವನೊಬ್ಬನದು ಎಂದರು. ನನಗೆ ಆ ಮಾತು ಸೇರಿತು. ಆಮೇಲೆ ಡಬ್ಬಿಗೆ ಬಂದರು. ಖಾಲಿ ಡಬ್ಬಿ ಅಂದರೆ ಖಾಲಿ ಹಾಸಿಗೆ, ಖಾಲಿ ಹಣೆ, ಖಾಲಿ ಒಡಲು. ಅದರ ಮಗ್ಗುಲಿನ ನೆಗ್ಗು ಶತ್ರುವಿನ ಗುಂಡು ಕೊಟ್ಟ ಗುರುತು. ಜನ ಚಪ್ಪಾಳೆ ಹೊಡೆದರು. ನಾನು ನನ್ನ ಕೈ ನೋಡಿಕೊಂಡೆ.

ಸನ್ಮಾನಕ್ಕೆ ಅಕ್ಕನ ಹೆಸರು ಕರೆದರು. ಹೋದಳು. ಶಾಲು ಹಿಡಿದು ಬಂದವರನ್ನು ಕೈ ಅಡ್ಡ ಹಿಡಿದು ನಿಲ್ಲಿಸಿದಳು. ಮೇಜಿನ ಹತ್ತಿರ ಹೋಗಿ ಡಬ್ಬಿಯ ಹಾರ ತೆಗೆದು ಮಗ್ಗುಲಿಗೆ ಇಟ್ಟಳು. ಕ್ಲಿಪ್ಪು ತೆಗೆದು ಒಳಗೆ ನೋಡಿದಳು. ಮೈಕಿನ ಮುಂದೆ ನಿಂತಳು.

"ಸರ, ನೀವು ಆಡಿದ್ದರಾಗ ಒಂದು ಮಾತು ಖರೇ ಅದ. ಡಬ್ಬಿ ಮಾತಾಡ್ತದ. ಹತ್ತೊಂಬತ್ತು ದಿನ ನನ್ನ ಜೋಡಿ ಮಾತಾಡ್ಯದ. ಅದು ನನಗ ಹೇಳಿದ್ದೇ ಬ್ಯಾರೆ, ನೀವು ಬರದದ್ದೇ ಬ್ಯಾರೆ. ಇದರ ತುಂಬ ಜರ್ದಾಳು ಇದ್ವು. ನನ್ನ ಮನ್ಯಾಗ ಕುಂತು, ರೊಟ್ಟಿ ಉಂಡು, ನನ್ನ ಬಾಯಿಲೇ ಕೇಳೀರಿ. ಖಾಲಿ ಯಾಕ ಮಾಡಿದ್ರಿ?"

ಪ್ರೊಫೆಸರ್ ಎದ್ದು ನಿಂತರು, ಸಮಾಧಾನದಿಂದಲೇ ಹೇಳಿದರು. "ತಾಯಿ, ಕಥೆಗೆ ಕಥೆಯದೇ ಒಂದು ಸತ್ಯ ಇರುತ್ತದೆ. ಡಬ್ಬಿ ತುಂಬಿ ಬಂದರೆ ಓದುವವರ ಕಣ್ಣಿಗೆ ನೀರು ಬರುವುದಿಲ್ಲ."

"ಕಣ್ಣಿಗಿ ನೀರು ತರಸಾಕ ಉಳ್ಳಾಗಡ್ಡಿ ಸಾಕ್ರಿ. ನಮ್ಮನ್ಯಾಗ ದಿನಾ ಹೆಚ್ಚತಾರ." ಹಿಂದೆ ಯಾರೋ ನಕ್ಕರು. ಅಕ್ಕ ಅತ್ತ ನೋಡಲಿಲ್ಲ. "ಹೆಚ್ಚಾಂವ ಅಲ್ಲಿ ಕುಂತಾನ ನೋಡ್ರಿ, ಗ್ವಾಡಿ ಮಗ್ಗಲಿಗಿ. ನೀವು ಕೊಂದೀರಲ್ಲ, ಅಂವನೇ. ತಮ್ಮಾ, ನಿಮ್ಮ ಭಾವಗ ಎಬ್ಬಸು."

ನಾನು ಹೋಗಿ ತೋಳು ಹಿಡಿದು ಎಬ್ಬಿಸಿದೆ. ಭಾವನಿಗೆ ಒಂದು ಮಾತೂ ಕೇಳಿಸಿರಲಿಲ್ಲ. ಎಲ್ಲರೂ ತನ್ನ ಕಡೆ ತಿರುಗಿದ್ದು ನೋಡಿ, ಕಿವುಡರು ಮಾತಾಡುವ ಹಾಗೆ ಗಟ್ಟಿಯಾಗಿ ಕೇಳಿದ: "ಯಾಕೋ, ಊಟಕ್ಕ ಕರ್ಯಾಕತ್ತಾರೇನು?"

ಸಭೆಯೆಲ್ಲ ನಕ್ಕಿತು. ಪ್ರೊಫೆಸರರ ಮುಖ ಮಾತ್ರ ಬಿಳಿಚಿತು. ಮೇಡಂ ಹುಡುಗಿಗೆ ಸನ್ನೆ ಮಾಡಿದರು. ಅವಳು ಕುಂಕುಮದ ತಟ್ಟೆ ಹಿಡಿದು ವೇದಿಕೆಗೆ ಓಡಿ ಬಂದಳು. ಅಕ್ಕ ತಟ್ಟೆ ನೋಡಿದಳು, ಹುಡುಗಿಯ ಗಲ್ಲ ಮುಟ್ಟಿದಳು.

"ನಿಂದೇನು ತಪ್ಪಿಲ್ಲವ್ವ. ನನ್ನ ಗಂಡ ಜೀವಂತ ಅದಾನ ಅಂತ ಗೊತ್ತಾದ ಮ್ಯಾಲ ತಂದಿ. ಸತ್ತಿದ್ರ ತರ್ತಿರಲಿಲ್ಲ. ಅಲ್ಲಿ ಶಿವಕಾಂತಮ್ಮ ಕುಂತಾಳ, ಇಕಿ ಗಂಡ ಖರೇನೇ ಹೋಗ್ಯಾನ, ಕಲ್ಲಿನ ಕೆಳಗ. ಅಕಿಗಿ ಹೂ ಕೊಡದ ಮಂದಿ ಕೈಲೆ ನನಗ ಏನೂ ಬ್ಯಾಡ. ಮೊದಲ ಅಕಿಗಿ ಕೊಡು."

ಹುಡುಗಿ ಇಳಿದು ಹೋಗಿ ಶಿವಕಾಂತಮ್ಮನ ಮುಂದೆ ನಿಂತಳು. ಶಿವಕಾಂತಮ್ಮ ಸೆರಗು ಮುಂದೆ ಎಳೆದುಕೊಂಡು, "ಏ ರತ್ನಾ, ನಡುವ ನನ್ನ ಯಾಕ ಎಳೀತಿ," ಎಂದು ಗೊಣಗಿದಳು. ಆಮೇಲೆ ತಟ್ಟೆ ನೋಡಿದಳು. "ಹೂ ಕೊಡವ್ವ, ಒಂದು ಮಾರು ಕೊಡು. ಕುಂಕುಮ ಬ್ಯಾಡ, ಅಂವ ಇದ್ದಾಗೂ ನನಗ ತುರಸ್ತಿತ್ತು." ಹೂವು ಮುಡಿದುಕೊಂಡಳು. ಮುಡಿದುಕೊಳ್ಳುವಾಗ ಕೈ ಎರಡು ಸಲ ಜಾರಿತು, ಬಸವೇಶ್ವರಿ ಎದ್ದು ಹೋಗಿ ಸಿಕ್ಕಿಸಿದಳು.

ಪ್ರೊಫೆಸರ್ ಮೈಕಿಗೆ ಬಂದರು. ಈ ಹೊತ್ತು ನಾನು ಕಲಿತೆ, ಮುಂದಿನ ಮುದ್ರಣದಲ್ಲಿ ಸರಿ ಮಾಡುತ್ತೇನೆ, ಡಬ್ಬಿಯನ್ನು ನಾನೇ ಕೈಯಾರೆ ವಾಡಿಗೆ ತಂದು ಮುಟ್ಟಿಸುತ್ತೇನೆ ಎಂದರು. ಡಬ್ಬಿ ತುಂಬಿ ಬಂದಿತ್ತು ಎಂಬ ಮಾತು ಮಾತ್ರ ಅವರ ಬಾಯಿಂದ ಹೊರಡಲಿಲ್ಲ. ಅಕ್ಕ ಅಲ್ಲೇ ಡಬ್ಬಿ ಎತ್ತಿಕೊಂಡು ಬರಬಹುದಾಗಿತ್ತು. ನಾನು ಕಣ್ಣಿನಲ್ಲೇ ಎತ್ತು ಎಂದೆ. ಎತ್ತಲಿಲ್ಲ. ಬರುವಾಗ ಟಂಟಂನಲ್ಲಿ ಜಗಳಾಡಿದೆ.

"ಅಂವ ತರ್ತೀನಿ ಅಂದಾನ. ತರ್ಲಿ. ಹ್ಯಾಂಗ ತರ್ತಾನ ನೋಡೂನು," ಎಂದಳು.

ಒಂದು ತಿಂಗಳಿಗೆ ಬಂದರು, ಮಧ್ಯಾಹ್ನ, ಗಿರಾಕಿಗಳು ಉಣ್ಣುವ ಹೊತ್ತಿಗೆ. ಹೇಳಿದ ಮಾತಿಗೆ ತಪ್ಪಲಿಲ್ಲ, ಅಷ್ಟು ಮಟ್ಟಿಗೆ ಒಪ್ಪುತ್ತೇನೆ. ಡಬ್ಬಿ ಫಳಫಳ ಹೊಳೆಯುತ್ತಿತ್ತು. ಅಕ್ಕ ಕೈ ಒರೆಸಿಕೊಂಡು ಬಂದು ನಮಸ್ಕಾರ ಮಾಡಿದಳು.

"ಬರ್ರಿ ಸರ, ಕುಂದ್ರಿ. ಉಣ್ರಿ."

ಅವರು ಡಬ್ಬಿಯನ್ನು ಎರಡೂ ಕೈಯಿಂದ ಕೊಟ್ಟರು. ಅಕ್ಕ ಕೈಯಲ್ಲಿ ತೂಗಿ ನೋಡಿದಳು. ಖಾನಾವಳಿಯಲ್ಲಿ ಉಣ್ಣುತ್ತಿದ್ದವರೆಲ್ಲ ತುತ್ತು ಬಿಟ್ಟು ನೋಡಿದರು, ಬಿಹಾರದ ಗಾರ್ಡು ಸಹ. ಅವಳು ಕ್ಲಿಪ್ಪು ತೆಗೆದಳು. ಮೇಲಿನ ಅಂತಸ್ತು ಖಾಲಿ. ಕೆಳಗಿನದೂ ಖಾಲಿ.

"ಸಾಬ್," ಎಂದ ಗಾರ್ಡು ಮೆಲ್ಲಗೆ, "ಖಾಲಿ ಲಾಯೆ ಕ್ಯಾ?"

ಪ್ರೊಫೆಸರರಿಗೆ ತಿಳಿಯಲಿಲ್ಲ. ಮೂರು ದಿನ ಇಲ್ಲಿ ಉಂಡವರು, ಡಬ್ಬಿಯ ಮೇಲೆ ಒಂದು ತಾಸು ಮಾತಾಡಿದವರು, ಎರಡು ಹಸಿಮೆಣಸಿನಕಾಯಿ ಹಾಕಿ ತರಲಿಲ್ಲ. ನನಗೆ ತಡೆಯಲಿಕ್ಕೆ ಆಗಲಿಲ್ಲ. ಜೋರಾಗಿಯೇ ಅಂದೆ: "ಏನ್ರಿ ಸರ, ಕಥ್ಯಾಗೂ ಖಾಲಿ, ಕೈಯಾಗೂ ಖಾಲಿ? ನಿಮ್ಮ ಕಡಿ ಏನರೆ ಅದನೋ ಇಲ್ಲೋ?"

"ತಮ್ಮಾ, ಸುಮ್ಮನಿರು."

ಅಕ್ಕ ಒಳಗೆ ಹೋದಳು. ಅವರು ಉಂಡು ಏಳುವ ಹೊತ್ತಿಗೆ ಡಬ್ಬಿ ತಂದು ಮತ್ತೆ ಅವರ ಕೈಯಲ್ಲೇ ಇಟ್ಟಳು. ಒಳಗೆ ಒತ್ತಿ ಒತ್ತಿ ಶೇಂಗಾ ಹಿಂಡಿ ತುಂಬಿದ್ದಳು.

"ಇದು ನಿಮ್ಮದೇ ಅಲ್ಲವೇ ತಾಯಿ? ಕೊಡಲಿಕ್ಕೇ ಬಂದದ್ದು ನಾನು."

"ನಂದೇರಿ. ಖಾಲಿ ತಂದೀರಿ, ಅದಕ್ಕ ನಾ ತಗೋಳಾಂಗಿಲ್ಲ. ಹಿಂಡಿ ಮನ್ಯಾಗ ಎಲ್ಲಾರೂ ತಿನ್ರಿ. ಮುಗುದ ಮ್ಯಾಲ ತೊಳದು ಇದರಾಗ ಒಂದು ಹಾಳಿ ಇಟ್ಟು ತರ್ರಿ. ಡಬ್ಬಿ ತುಂಬಿ ಬಂದಿತ್ತು ಅಂತ ನಿಮ್ಮ ಕೈಲೆ ಬರದು, ಅಚ್ಚು ಹಾಕಿಸಿದ ಹಾಳಿ. ಒಂದೇ ಸಾಲು ಇದ್ರೂ ನಡೀತದ."

"ಖಂಡಿತ," ಎಂದರು. ಡಬ್ಬಿ ಹಿಡಿದುಕೊಂಡು ಹೋದರು.

ಅವರ ಕಾರು ತಿರುಗುವ ತನಕ ನಾನು ತಡೆದುಕೊಂಡಿದ್ದೆ. ಆಮೇಲೆ ಅಕ್ಕನ ಮೇಲೆ ಹಾರಿಬಿದ್ದೆ. ಇಷ್ಟು ವರ್ಷ ಬಡಿದಾಡಿ ಕೈಗೆ ಬಂದದ್ದನ್ನು ತಿರುಗಿ ಕೊಟ್ಟೆಯಲ್ಲ, ನಿನಗೆ ಬುದ್ಧಿ ಇದೆಯೇ ಎಂದು ಬಾಯಿಗೆ ಬಂದದ್ದೆಲ್ಲ ಅಂದೆ. ಅವಳು ಒಲೆ ಮುಂದೆ ಕುಳಿತು ಹಿಟ್ಟು ನಾದಿಕೊಳ್ಳುತ್ತಿದ್ದಳು.

"ಡಬ್ಬಿ ಇಸಗೊಂಡಿದ್ರ ಇಲ್ಲಿಗಿ ಮುಗೀತಿತ್ತು ತಮ್ಮಾ. ಅಂವ ಹಗುರ ಆಗಿ ಹೋಗ್ತಿದ್ದ. ಈಗ ಹಗುರ ಆಗಾಂಗಿಲ್ಲ. ಮೊದಲ ಸರ್ತಿ ನೀ ಖಾಲಿ ಕೊಟ್ಟಿದ್ದಿ. ಈ ಸರ್ತಿ ತುಂಬಿ ಕೊಟ್ಟೀನಿ. ನಮ್ಮ ಕಡಿಂದ ಏನೂ ಬಾಕಿ ಇಲ್ಲ."

ಮರುವರ್ಷ ಪುಸ್ತಕದ ಎರಡನೇ ಮುದ್ರಣ ಬಂತು. ಬಸವೇಶ್ವರಿ ತಂದು ತೋರಿಸಿದಳು. ಹೊಸ ರಟ್ಟು, ಪ್ರೊಫೆಸರರ ಹೊಸ ಫೋಟೋ. ನಲವತ್ಮೂರನೇ ಪುಟದಲ್ಲಿ ಭಾವ ಮತ್ತೆ ಸತ್ತಿದ್ದ. ಡಬ್ಬಿ ಖಾಲಿಯೇ ಬಂದಿತ್ತು. 'ನಿಜ ಘಟನೆಯನ್ನು ಆಧರಿಸಿದ್ದು' ಎಂಬ ಸಣ್ಣ ಅಕ್ಷರದ ಸಾಲನ್ನು ಮಾತ್ರ ತೆಗೆದಿದ್ದರು. ಅಕ್ಕ ಅದನ್ನು ಎರಡು ಸಲ ಓದಿಸಿ ಕೇಳಿ, "ಇಷ್ಟಕ್ಕ ಡಬ್ಬಿ ತುಂಬಾಂಗಿಲ್ಲ," ಎಂದಳು.

ಬಸವೇಶ್ವರಿ ಈಗ ಸೇಡಂನ ಒಂದು ಶಾಲೆಯಲ್ಲಿ ಮಕ್ಕಳಿಗೆ ಕನ್ನಡ ಹೇಳುತ್ತಾಳೆ. ಶಿವಕಾಂತಮ್ಮ ಸೋಮವಾರಕ್ಕೊಮ್ಮೆ ಹೂವು ಮುಡಿಯುತ್ತಾಳೆ; ಓಣಿಯವರು ಮೊದಮೊದಲು ನೋಡಿದರು, ಈಗ ನೋಡುವುದು ಬಿಟ್ಟಿದ್ದಾರೆ. ಭಾವ ಪ್ರತಿ ನವಂಬರಿನಲ್ಲಿ ಬ್ಯಾಂಕಿಗೆ ಹೋಗಿ ತಾನು ಬದುಕಿದ್ದೇನೆ ಎಂದು ಸಹಿ ಹಾಕಿ ಬರುತ್ತಾನೆ. ನಾನು ಎರಡು ಸಲ ಪ್ರೊಫೆಸರರ ಊರಿಗೆ ಹೋಗಿ ಬಾಗಿಲು ಬಡಿದು ಬರುತ್ತೇನೆ ಎಂದು ಹೊರಟೆ. ಎರಡು ಸಲವೂ ಅಕ್ಕ ಟಂಟಂನ ಚಾವಿ ಸೆರಗಿಗೆ ಕಟ್ಟಿಕೊಂಡಳು. ತಾನಾಗಿ ತಂದರೆ ಮಾತ್ರ ಅದಕ್ಕೆ ಕಿಮ್ಮತ್ತು ಎನ್ನುತ್ತಾಳೆ.

ಖಾನಾವಳಿಯ ಗೋಡೆಗೆ ಹೊಡೆದ ಫಳಿಯ ಮೇಲೆ, ಎಡಗಡೆಯ ಮೂಲೆಯಲ್ಲಿ, ಒಂದು ಡಬ್ಬಿಯಷ್ಟು ಜಾಗ ಬಿಟ್ಟಿದ್ದಾಳೆ. ಅಲ್ಲಿ ಇನ್ನೊಂದನ್ನು ಇಡಗೊಡುವುದಿಲ್ಲ. ಸಂಜೆ ಡಬ್ಬಿಗಳು ಬಂದ ಮೇಲೆ ಒಂದೊಂದನ್ನೂ ತೆಗೆದು, ಮೆಣಸಿನಕಾಯಿ ಒಂದು ಕಡೆ, ಲಿಂಬೆಹಣ್ಣು ಒಂದು ಕಡೆ ಮಾಡಿ, ಎಣಿಸಿ ಫಳಿಗೆ ಹಚ್ಚುತ್ತಾಳೆ. ಒಲೆ ಮುಂದಿನಿಂದ ಶಿವಕಾಂತಮ್ಮ ಕೇಳುತ್ತಾಳೆ: "ಬಂದ್ವೇನವ್ವ ಎಲ್ಲಾ?"

"ನಲವತ್ತೊಂದು ಬಂದ್ವು. ಒಂದು ಬರೂದದ."